ತೋಡಿಗೆ ಕಟ್ಟ, ಮೆದುಳಿಗೆ ಮದ್ದು: ಉತ್ತೇಜಕಗಳ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಓದುಗರು ಈ ಸಲ ಕಳಿಸಿದ ಪತ್ರಗಳು ಬಹುಪಾಲು ಒಂದೇ ವಿಷಯದ ಸುತ್ತ ಇದ್ದವು. ಡಾಕ್ಟರು ಬರೆಯುವ ಉತ್ತೇಜಕ ಮಾತ್ರೆ, ಪೊಲೀಸರು ಹಿಡಿಯುವ ಪುಡಿ, ನಾವು ಕುಡಿಯುವ ಚಾ, ಜಗಿಯುವ ಅಡಿಕೆ, ಇವೆಲ್ಲ ಮೆದುಳಿನಲ್ಲಿ ಮಾಡುವುದೇನು? ಮನೋವೈದ್ಯಕೀಯ ಮತ್ತು ಔಷಧಶಾಸ್ತ್ರ ಬಲ್ಲವರು ಸೇರಿ ಉತ್ತರಿಸಿದ್ದಾರೆ. ಓದುಗರ ಹೆಸರು ಹಾಕಿಲ್ಲ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಮಂಗಳೂರಿನ ಡಾಕ್ಟರು ಎಡಿಎಚ್‌ಡಿ (ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆ) ಎಂದು ಹೇಳಿ ಮೀಥೈಲ್‌ಫೆನಿಡೇಟ್ 5 ಮಿಲಿಗ್ರಾಂ ಮಾತ್ರೆ ದಿನಕ್ಕೆ ಎರಡು ಸಲ ಬರೆದಿದ್ದಾರೆ. ನನ್ನ ಭಾವ ಮೊಬೈಲಿನಲ್ಲಿ ನೋಡಿ, “ಇದು ಎಂಡಿಎಂಎ ಎಂಬ ಮಾದಕ ವಸ್ತುವಿನ ಜಾತಿಯದ್ದೇ, ಕೊಡಬೇಡಿ” ಎನ್ನುತ್ತಾರೆ. ಮೊದಲೇ ಒಂದು ಕಡೆ ಕೂರದ ಮಗುವಿಗೆ ಉತ್ತೇಜಕ ಕೊಟ್ಟರೆ ಇನ್ನಷ್ಟು ಕುಣಿಯುವುದಿಲ್ಲವೇ? (ಓದುಗರು, ಬದಿಯಡ್ಕ)

ನಿಮ್ಮ ಭಾವ ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇದೆ. ಎರಡನ್ನೂ ಉತ್ತೇಜಕ ಎಂದೇ ಕರೆಯುತ್ತಾರೆ, ಎರಡೂ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿವೆ. ಆದರೆ ಮೆದುಳಿನೊಳಗೆ ಅವು ಕೆಲಸ ಮಾಡುವ ರೀತಿಯೂ ವೇಗವೂ ಬೇರೆ ಬೇರೆ. ಆ ವ್ಯತ್ಯಾಸ ತಿಳಿಯದೆ ಹೆದರಿ ಮದ್ದು ನಿಲ್ಲಿಸಿದರೆ ಮಗುವಿಗೆ ನಷ್ಟ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇವೆ.

ಒಂದು ನರಕೋಶ ಇನ್ನೊಂದಕ್ಕೆ ತಾಗಿಕೊಂಡಿರುವುದಿಲ್ಲ. ನಡುವೆ ಸುಮಾರು 20 ನ್ಯಾನೋಮೀಟರಿನ ಸಂದು ಇರುತ್ತದೆ. ಸಂದೇಶ ಆ ಸಂದನ್ನು ದಾಟುವುದು ರಾಸಾಯನಿಕಗಳ ಮೂಲಕ. ಡೋಪಮಿನ್, ನಾರ್‌ಅಡ್ರಿನಲಿನ್, ಸೆರೊಟೋನಿನ್ ಎಂಬ ಮೂರು ಇಲ್ಲಿ ಮುಖ್ಯ. ಇವು ನರದ ತುದಿಯಲ್ಲಿ ಪುಟ್ಟ ಚೀಲಗಳೊಳಗೆ ತುಂಬಿರುತ್ತವೆ. ಸಂಕೇತ ಬಂದಾಗ ಚೀಲ ತೆರೆದುಕೊಂಡು ಸಂದಿಗೆ ಸುರಿಯುತ್ತದೆ, ಆಚೆ ಬದಿಯ ಗ್ರಾಹಕಗಳಿಗೆ ತಾಗಿ ಕೆಲಸ ಮುಗಿಸುತ್ತದೆ. ಆಮೇಲೆ ಟ್ರಾನ್ಸ್‌ಪೋರ್ಟರ್ ಎಂಬ ಪ್ರೋಟೀನು ಉಳಿದದ್ದನ್ನು ಪಂಪಿನಂತೆ ಹಿಂದಕ್ಕೆ, ಬಂದ ಕೋಶದೊಳಕ್ಕೇ ಎಳೆದುಕೊಳ್ಳುತ್ತದೆ.

ಮೀಥೈಲ್‌ಫೆನಿಡೇಟ್ ಹೋಗಿ ಕೂರುವುದು ಈ ಪಂಪಿನ ಬಾಯಲ್ಲಿ. ನಮ್ಮ ತೋಡುಗಳಿಗೆ ಮಳೆ ಮುಗಿದ ಮೇಲೆ ಕಟ್ಟ ಹಾಕುತ್ತೇವಲ್ಲ, ಅದೇ ಲೆಕ್ಕ. ಕಟ್ಟ ಹೊಸ ನೀರನ್ನು ತಂದು ಸುರಿಯುವುದಿಲ್ಲ. ಹರಿದು ಹೋಗುವ ನೀರನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ, ಮಟ್ಟ ಏರುತ್ತದೆ. ಮಾತ್ರೆ ಇಲ್ಲದಿದ್ದರೂ ನರ ಬಿಡುಗಡೆ ಮಾಡುತ್ತಿದ್ದ ಡೋಪಮಿನ್, ನಾರ್‌ಅಡ್ರಿನಲಿನ್ ಸಂದಿಯಲ್ಲಿ ತುಸು ಹೆಚ್ಚು ಹೊತ್ತು ಉಳಿಯುತ್ತವೆ, ಅಷ್ಟೆ. ಎಂಡಿಎಂಎಯೂ ಸೇರಿದ ಆಂಫೆಟಮಿನ್ ಗುಂಪಿನವು ಹೀಗಲ್ಲ. ಅವು ನರದ ಒಳಕ್ಕೇ ನುಗ್ಗಿ, ಚೀಲದಲ್ಲಿದ್ದುದನ್ನು ಹೊರಗೆ ಸೋರಿಸಿ, ಪಂಪನ್ನೇ ಉಲ್ಟಾ ತಿರುಗಿಸುತ್ತವೆ. ಸಂಕೇತ ಬರಲಿ ಬಿಡಲಿ, ಸಂಗ್ರಹದಲ್ಲಿದ್ದದ್ದು ಸಂದಿಗೆ ಹರಿಯುತ್ತದೆ.

ಕೊಕೇನ್ ಕೂಡ ಪಂಪಿಗೆ ಅಡ್ಡ ಕೂರುವ ಜಾತಿಯದ್ದೇ ಅಲ್ಲವೇ, ಹಾಗಾದರೆ ಅದು ಚಟ ಹಿಡಿಸುವುದು ಯಾಕೆ ಎಂದು ಯಾರಾದರೂ ಕೇಳಿದರೆ, ಅದು ಸರಿಯಾದ ಪ್ರಶ್ನೆ. ಉತ್ತರ ಇರುವುದು ವೇಗದಲ್ಲಿ. ನುಂಗಿದ ಮೀಥೈಲ್‌ಫೆನಿಡೇಟ್ ಮೆದುಳಿನಲ್ಲಿ ಗರಿಷ್ಠ ಮಟ್ಟಕ್ಕೆ ಏರಲು ಒಂದು ಗಂಟೆಯಾದರೂ ಬೇಕು. ರಕ್ತನಾಳಕ್ಕೆ ಚುಚ್ಚಿದ ಕೊಕೇನ್ ನಾಲ್ಕರಿಂದ ಆರು ನಿಮಿಷದಲ್ಲಿ ಅಲ್ಲಿಗೆ ಮುಟ್ಟುತ್ತದೆ. ಡೋಪಮಿನ್ ನಿಧಾನ ಏರಿದರೆ ಗಮನ ಕೂಡಿಬರುತ್ತದೆ. ಒಮ್ಮೆಲೇ ಚಿಮ್ಮಿದರೆ ಮೆದುಳು ಅದನ್ನು ದೊಡ್ಡ ಬಹುಮಾನ ಎಂದು ದಾಖಲಿಸಿ, ಮತ್ತೆ ಬೇಕು ಎಂದು ಕಲಿಯುತ್ತದೆ. ಇದೇ ಮಾತ್ರೆಯನ್ನು ಪುಡಿ ಮಾಡಿ ಮೂಗಿಗೆ ಎಳೆದರೆ ಅದೂ ಚಟದ ವಸ್ತುವೇ ಆಗುತ್ತದೆ. ಮನೆಯಲ್ಲಿ ಅದನ್ನು ಬೀಗದಲ್ಲಿಡಿ ಎನ್ನುವುದು ಅದಕ್ಕೇ.

ಇನ್ನು, ಕುಣಿಯುವ ಮಗು ಶಾಂತವಾಗುವುದು ಹೇಗೆ? ಹಣೆಯ ಹಿಂದಿನ ಮೆದುಳಿನ ಭಾಗಕ್ಕೆ ತಡೆಯುವ ಕೆಲಸ ಇದೆ: ಕಿಟಕಿಯಾಚೆ ಬೈಕ್ ಹೋದರೆ ನೋಡಬೇಡ, ಲೆಕ್ಕ ಮುಗಿಸು ಎನ್ನುವುದು ಅದು. ಅಲ್ಲಿ ಡೋಪಮಿನ್ ಪಂಪುಗಳು ಕಡಿಮೆ. ನಾರ್‌ಅಡ್ರಿನಲಿನ್ನಿನ ಪಂಪೇ ಎರಡನ್ನೂ ಎಳೆದುಕೊಳ್ಳುತ್ತದೆ. ಕಡಿಮೆ ಪ್ರಮಾಣದ ಮೀಥೈಲ್‌ಫೆನಿಡೇಟ್ ಮುಖ್ಯವಾಗಿ ಈ ಜಾಗದಲ್ಲಿ ಎರಡರ ಮಟ್ಟವನ್ನೂ ಏರಿಸುತ್ತದೆ. ಉತ್ತೇಜನ ಸಿಗುವುದು ಬ್ರೇಕಿಗೆ. ಪ್ರಮಾಣ ಹೆಚ್ಚಾದರೆ ಅದೇ ಭಾಗ ಮಂಕಾಗುತ್ತದೆ. ಮಗು ಗೊಂಬೆಯ ಹಾಗೆ ಮಾತಿಲ್ಲದೆ ಕೂತರೆ ಅದನ್ನು “ಒಳ್ಳೆಯ ಗುಣ” ಎಂದು ತಿಳಿಯಬೇಡಿ. ಡೋಸ್ ಜಾಸ್ತಿಯಾಗಿದೆ ಎಂದು ಡಾಕ್ಟರಿಗೆ ಹೇಳಿ.

ಕೊಡುವ ಕ್ರಮ: 5 ಮಿಲಿಗ್ರಾಂ ದಿನಕ್ಕೆ ಎರಡು ಸಲ ಎನ್ನುವುದು ಆರು ವರ್ಷ ದಾಟಿದ ಮಕ್ಕಳಿಗೆ ಆರಂಭದ ಪ್ರಮಾಣ. ವಾರಕ್ಕೊಮ್ಮೆ 5ರಿಂದ 10 ಮಿಲಿಗ್ರಾಂ ಏರಿಸುತ್ತಾ ಸರಿಯಾದ ಮಟ್ಟ ಹುಡುಕುತ್ತಾರೆ. ದಿನದ ಒಟ್ಟು 60 ಮಿಲಿಗ್ರಾಂ ಮೀರುವುದಿಲ್ಲ. ಸಾಧಾರಣ ಮಾತ್ರೆಯ ಪರಿಣಾಮ ಮೂರು-ನಾಲ್ಕು ಗಂಟೆ. ಹಾಗಾಗಿ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಸಂಜೆ 4ರ ಮೇಲೆ ಕೊಟ್ಟರೆ ರಾತ್ರಿ ನಿದ್ದೆ ಕೆಡುತ್ತದೆ. ಒಂದು ಡೋಸ್ ಮರೆತರೆ ಬಿಟ್ಟುಬಿಡಿ, ಮುಂದಿನದಕ್ಕೆ ಎರಡು ಸೇರಿಸಬೇಡಿ. ಹೆಚ್ಚಿನ ಮಕ್ಕಳಿಗೆ ಹಸಿವು ಇಳಿಯುತ್ತದೆ. ಮಾತ್ರೆಗೆ ಮೊದಲೇ ಹೊಟ್ಟೆ ತುಂಬ ತಿಂಡಿ ಕೊಡಿ. ಮಧ್ಯಾಹ್ನ ಬುತ್ತಿ ಹಾಗೆಯೇ ವಾಪಸು ಬಂದರೆ ಗದರಬೇಡಿ. ಸಂಜೆ ಮದ್ದಿನ ಪರಿಣಾಮ ಇಳಿದ ಮೇಲೆ ಹಸಿವು ಬರುತ್ತದೆ, ಗಟ್ಟಿ ಊಟ ಆಗ ಬಡಿಸಿ. ತಿಂಗಳಿಗೊಮ್ಮೆ ತೂಕ, ಮೂರು-ನಾಲ್ಕು ತಿಂಗಳಿಗೊಮ್ಮೆ ಎತ್ತರ ಒಂದು ಪುಸ್ತಕದಲ್ಲಿ ಬರೆದಿಡಿ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರಿಗೆ ಎತ್ತರ ಒಂದೆರಡು ಸೆಂಟಿಮೀಟರ್ ಕಡಿಮೆಯಾಗುವುದುಂಟು. ನಾಡಿ, ಬಿಪಿ ಪ್ರತಿ ಭೇಟಿಯಲ್ಲೂ ನೋಡಿಸಿ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯ ನಿಂತು ತೀರಿಕೊಂಡಿದ್ದರೆ, ಮಗು ಆಡುವಾಗ ತಲೆ ತಿರುಗಿ ಬಿದ್ದಿದ್ದರೆ, ಮೊದಲ ಮಾತ್ರೆಗೆ ಮುಂಚೆಯೇ ಡಾಕ್ಟರಿಗೆ ಹೇಳಲೇಬೇಕು. ದಿನಕ್ಕೊಂದೇ ಸಲದ ದೀರ್ಘಕಾಲದ ಮಾತ್ರೆಯನ್ನು ಮುರಿದು, ಜಜ್ಜಿ ಕೊಡಬೇಡಿ. ಎಂಟು-ಹನ್ನೆರಡು ಗಂಟೆಗೆ ಹಂಚಿ ಬರಬೇಕಾದ ಮದ್ದು ಒಮ್ಮೆಲೇ ಇಳಿಯುತ್ತದೆ.

ಪ್ರಶ್ನೆ: ಪತ್ರಿಕೆಗಳು ಎಂಡಿಎಂಎ, ಮೆತಾಂಫೆಟಮಿನ್, ಕೊಕೇನ್ ಮೂರನ್ನೂ ಒಂದೇ ಉಸಿರಿಗೆ ಬರೆಯುತ್ತವೆ. ಮೆದುಳಿಗೆ ಮೂರೂ ಒಂದೇ ಏನು? (ಅಧ್ಯಾಪಕರು, ಉಪ್ಪಳ)

ಒಂದೇ ಅಲ್ಲ, ಮಕ್ಕಳಿಗೆ ಹೇಳುವಾಗಲೂ ಬೇರೆ ಬೇರೆಯಾಗಿಯೇ ಹೇಳಿ. “ಎಲ್ಲ ಡ್ರಗ್ಸೂ ವಿಷ” ಎಂಬ ಒಂದು ಸಾಲನ್ನು ಹದಿನೇಳರ ಹುಡುಗರು ನಂಬುವುದಿಲ್ಲ. ನಿಖರವಾಗಿ ಹೇಳಿದರೆ ಕಿವಿಗೊಡುತ್ತಾರೆ.

ಕೊಕೇನ್ ಡೋಪಮಿನ್, ನಾರ್‌ಅಡ್ರಿನಲಿನ್, ಸೆರೊಟೋನಿನ್ ಮೂರರ ಪಂಪುಗಳಿಗೂ ಅಡ್ಡ ಕೂರುತ್ತದೆ. ರಕ್ತದಲ್ಲಿ ಅದರ ಅರ್ಧಾಯು, ಅಂದರೆ ಮಟ್ಟ ಅರ್ಧಕ್ಕೆ ಇಳಿಯುವ ಸಮಯ, ಸುಮಾರು ಒಂದೇ ಗಂಟೆ. ಬೇಗ ಇಳಿಯುವುದರಿಂದ ಮತ್ತೆ ಮತ್ತೆ ಬೇಕೆನಿಸುತ್ತದೆ. ಹೃದಯದ ರಕ್ತನಾಳವನ್ನು ಹಿಂಡುವ ಗುಣವೂ, ಹೃದಯದ ವಿದ್ಯುತ್ ಸಂಕೇತವನ್ನು ಕೆಡಿಸುವ ಗುಣವೂ ಅದಕ್ಕಿದೆ. ಇಪ್ಪತ್ತೈದರ ಯುವಕನಿಗೂ ಹೃದಯಾಘಾತ ಆಗುವುದು ಹಾಗೆ. ಜತೆಗೆ ಮದ್ಯ ಸೇರಿದರೆ ಯಕೃತ್ತಿನಲ್ಲಿ ಕೊಕಾಎಥಿಲಿನ್ ಎಂಬ ಇನ್ನೊಂದು ವಸ್ತು ಹುಟ್ಟುತ್ತದೆ. ಅದು ಕೊಕೇನಿಗಿಂತ ಹೆಚ್ಚು ಹೊತ್ತು ದೇಹದಲ್ಲಿ ಉಳಿಯುತ್ತದೆ.

ಮೆತಾಂಫೆಟಮಿನ್ನನ್ನು 1893ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಎಫಿಡ್ರಿನ್‌ನಿಂದ ತಯಾರಿಸಿದರು. 1938ರಲ್ಲಿ ಜರ್ಮನಿಯಲ್ಲಿ ಅದನ್ನು ಪರ್ವಿಟಿನ್ ಹೆಸರಿನ ಮಾತ್ರೆಯಾಗಿ ಮಾರಿದರು, ಯುದ್ಧದಲ್ಲಿ ಸೈನಿಕರಿಗೂ ಕೊಟ್ಟರು. ಆಂಫೆಟಮಿನ್‌ಗಿಂತ ಒಂದೇ ಒಂದು ಮೀಥೈಲ್ ಗುಂಪು ಹೆಚ್ಚು. ಆದರೆ ಅದರಿಂದ ಕೊಬ್ಬಿನಲ್ಲಿ ಸುಲಭವಾಗಿ ಕರಗಿ ಮೆದುಳಿಗೆ ಬೇಗ ನುಗ್ಗುತ್ತದೆ. ಅರ್ಧಾಯು ಹತ್ತರಿಂದ ಹನ್ನೆರಡು ಗಂಟೆ. ಮೂರರಲ್ಲಿ ನರದ ತುದಿಗೆ ಇದು ಮಾಡುವ ಹಾನಿ ದೊಡ್ಡದು. ಚೀಲದೊಳಗೆ ಡೋಪಮಿನ್ ಸುರಕ್ಷಿತ. ಚೀಲದಿಂದ ಸೋರಿ ಕೋಶದೊಳಗೇ ಬಿದ್ದಾಗ ಅದು ಆಮ್ಲಜನಕದ ಜತೆ ಸೇರಿ ಕೆಟ್ಟು, ತನ್ನನ್ನು ತಯಾರಿಸಿದ ತುದಿಯನ್ನೇ ಸುಡುತ್ತದೆ.

ಎಂಡಿಎಂಎ 1912ರಲ್ಲಿ ಜರ್ಮನಿಯ ಮೆರ್ಕ್ ಕಂಪನಿಯ ಪೇಟೆಂಟಿನಲ್ಲಿ ಮೊದಲು ಕಾಣಿಸಿಕೊಂಡಿತು. ಇದು ಮುಖ್ಯವಾಗಿ ಸೆರೊಟೋನಿನ್ನಿನ ಸಂಗ್ರಹವನ್ನು ಖಾಲಿ ಮಾಡುತ್ತದೆ. ಎಲ್ಲರೂ ತಮ್ಮವರೆನಿಸುವ ಭಾವ ಬರುವುದು ಅದರಿಂದ. ಎರಡು-ಮೂರು ದಿನ ಬಿಟ್ಟು ಕಾರಣವಿಲ್ಲದೆ ಅಳು, ಕುಗ್ಗು ಬರುವುದು ಸಂಗ್ರಹ ಬರಿದಾದದ್ದರಿಂದ. ಇನ್ನೊಂದು ಅಪಾಯ: ತನ್ನನ್ನು ಒಡೆಯಬೇಕಾದ ಯಕೃತ್ತಿನ ಕಿಣ್ವವನ್ನು ಇದೇ ನಿಷ್ಕ್ರಿಯಗೊಳಿಸುತ್ತದೆ. ಹಾಗಾಗಿ ಎರಡನೇ ಸಲ ತೆಗೆದುಕೊಂಡದ್ದರ ಪರಿಣಾಮ ಒಂದಕ್ಕೆ ಎರಡು ಎಂಬ ಲೆಕ್ಕಕ್ಕೆ ನಿಲ್ಲುವುದಿಲ್ಲ, ಅದಕ್ಕಿಂತ ಹೆಚ್ಚಾಗುತ್ತದೆ. ಪೊಟ್ಟಣದಲ್ಲಿ ಇರುವುದು ಹೇಳಿದ ವಸ್ತುವೇ ಎಂಬ ಖಾತ್ರಿಯೂ ಇಲ್ಲ. ಕಾನೂನು ಕೂಡ ಇವನ್ನು ಬೇರೆಯಾಗಿ ತೂಗುತ್ತದೆ. ವಾಣಿಜ್ಯ ಪ್ರಮಾಣ ಎಂದಾಗಲು ಎಂಡಿಎಂಎ 10 ಗ್ರಾಂ ಮೀರಿದರೆ ಸಾಕು, ಮೆತಾಂಫೆಟಮಿನ್ 50 ಗ್ರಾಂ, ಕೊಕೇನ್ 100 ಗ್ರಾಂ ಮೀರಬೇಕು. ಆ ಮಟ್ಟ ಮೀರಿದರೆ ಕನಿಷ್ಠ ಶಿಕ್ಷೆ 10 ವರ್ಷ. “ಗೆಳೆಯನದ್ದು, ಸುಮ್ಮನೆ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ” ಎನ್ನುವ ಹುಡುಗರಿಗೆ ಈ ಅಂಕಿ ಗೊತ್ತಿರಬೇಕು.

ಪ್ರಶ್ನೆ: ಇಂಥದ್ದನ್ನು ತೆಗೆದುಕೊಂಡವರ ಮೈ ಕೆಂಡವಾಗಿ, ದವಡೆ ಬಿಗಿದರೆ ಮನೆಯವರು ಏನು ಮಾಡಬೇಕು? ಲಿಂಬೆ ಶರಬತ್ತು ಕುಡಿಸಿದರೆ ಇಳಿಯುತ್ತದಂತೆ, ಹೌದೇ? (ಓದುಗರು, ಕುಂಬಳೆ)

ಮೊದಲು 108. ತಲಪಾಡಿ ಗಡಿ ದಾಟಿ ಮಂಗಳೂರಿನ ದೊಡ್ಡ ಆಸ್ಪತ್ರೆಗೇ ಹೋಗಬೇಕು ಎಂದು ಹಟ ಬೇಡ. ಹತ್ತಿರದ ಆಸ್ಪತ್ರೆಯಲ್ಲಿ ಡಯಾಜೆಪಾಂ ಜಾತಿಯ ಶಾಂತಗೊಳಿಸುವ ಇಂಜೆಕ್ಷನ್ ಮತ್ತು ಡ್ರಿಪ್ ಸಿಕ್ಕಿದರೆ ಜೀವ ಉಳಿಯುವ ಸಂಭವ ಹೆಚ್ಚು. ಮಂಗಳೂರು ಆಮೇಲೆ.

ಗಾಡಿ ಬರುವವರೆಗೆ ಅಂಗಿ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಾ ಫ್ಯಾನ್ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಬಟ್ಟೆ ಸುತ್ತಿದ ಐಸ್ ಇಡಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ. ಜ್ವರದಲ್ಲಿ ಮೆದುಳು ತಾನೇ ಉಷ್ಣತೆಯ ಮಟ್ಟವನ್ನು ಮೇಲೆ ಇಟ್ಟಿರುತ್ತದೆ, ಪ್ಯಾರಾಸಿಟಮಾಲ್ ಅದನ್ನು ಕೆಳಗಿಳಿಸುತ್ತದೆ. ಇಲ್ಲಿ ಕಾವು ಬರುವುದು ಬಿಡುವಿಲ್ಲದೆ ಬಿಗಿದ ಸ್ನಾಯುಗಳಿಂದ. ಚರ್ಮದ ರಕ್ತನಾಳ ಮುಚ್ಚಿಕೊಂಡು ಆ ಕಾವು ಹೊರಗೆ ಹೋಗುವುದೂ ಇಲ್ಲ. ನಾಲ್ಕು ಜನ ಸೇರಿ ಒತ್ತಿ ಹಿಡಿಯುವುದು ತೀರಾ ಅಪಾಯ. ಅವನು ಕೊಸರಾಡಿದಷ್ಟೂ ಕಾವು ಏರುತ್ತದೆ, ಉಸಿರೂ ಕಟ್ಟುತ್ತದೆ. ಟಿವಿ ಆರಿಸಿ, ದೀಪ ಮಂದ ಮಾಡಿ, ಒಬ್ಬರೇ ಮೆಲ್ಲಗೆ ಮಾತಾಡಿ. ಫಿಟ್ಸ್ ಬಂದರೆ ಬಾಯಿಗೆ ಚಮಚ, ಕೈಗೆ ಬೀಗದ ಕೈ ಕೊಡಬೇಡಿ. ಒಂದು ಬದಿಗೆ ಮಲಗಿಸಿ.

ನೀರನ್ನು ಎಚ್ಚರ ಇದ್ದರೆ ಮಾತ್ರ ಗುಟುಕು ಗುಟುಕಾಗಿ ಕೊಡಿ. ಎಂಡಿಎಂಎ ಮೂತ್ರವನ್ನು ತಡೆಹಿಡಿಯುವ ಹಾರ್ಮೋನನ್ನು ಹೆಚ್ಚಿಸುತ್ತದೆ. ಲೀಟರುಗಟ್ಟಲೆ ಕುಡಿಸಿದರೆ ರಕ್ತದ ಸೋಡಿಯಂ ಇಳಿದು ಮೆದುಳು ಊದಿಕೊಳ್ಳುತ್ತದೆ. ಲಿಂಬೆಯ ಮಾತಿಗೆ ಒಂದು ಹಳೆಯ ಆಧಾರ ಇದೆ: ಮೂತ್ರ ಆಮ್ಲೀಯವಾದರೆ ಆಂಫೆಟಮಿನ್ ಬೇಗ ಹೊರಗೆ ಹೋಗುತ್ತದೆ. ಆಸ್ಪತ್ರೆಗಳಲ್ಲೂ ಹಿಂದೆ ಹಾಗೆ ಮಾಡುತ್ತಿದ್ದರು. ಆದರೆ ಕಾವಿನಿಂದ ಸ್ನಾಯು ಕರಗಿ ಅದರ ಪ್ರೋಟೀನು ರಕ್ತಕ್ಕೆ ಇಳಿದಿರುತ್ತದೆ. ಆಮ್ಲೀಯ ಮೂತ್ರದಲ್ಲಿ ಅದು ಹೆಪ್ಪುಗಟ್ಟಿ ಕಿಡ್ನಿಯನ್ನು ಕಟ್ಟಿಹಾಕುತ್ತದೆ. ಅದಕ್ಕೇ ಆ ಕ್ರಮ ಕೈಬಿಟ್ಟರು.

ಡಾಕ್ಟರಿಂದ ಏನನ್ನೂ ಮುಚ್ಚಿಡಬೇಡಿ. ಎದೆನೋವಿಗೆ ಸಾಮಾನ್ಯವಾಗಿ ಕೊಡುವ ಬೀಟಾ ಬ್ಲಾಕರ್ ಮದ್ದು ಕೊಕೇನ್ ಏರಿದವರಿಗೆ ಹಾನಿ ಮಾಡಬಹುದು. ಖಿನ್ನತೆಯ ಮಾತ್ರೆ, ಟ್ರಾಮಡಾಲ್ ಎಂಬ ನೋವಿನ ಮಾತ್ರೆ, ಲೈನೆಜೋಲಿಡ್ ಎಂಬ ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಎಂಡಿಎಂಎ ಜತೆ ಸೇರಿದರೆ ಸೆರೊಟೋನಿನ್ ಮಿತಿಮೀರಬಹುದು.

ಪ್ರಶ್ನೆ: ನಮ್ಮ ಅಡಿಕೆಯೂ ಉತ್ತೇಜಕ ಎನ್ನುತ್ತಾರೆ. ಕಂಗು ನಂಬಿ ಬದುಕುವವರು ನಾವು. ಅದೂ ಡೋಪಮಿನ್ನಿನ ಆಟವೇ? (ಕೃಷಿಕರು, ಮುಳ್ಳೇರಿಯ)

ಅಡಿಕೆಯ ದಾರಿ ಬೇರೆ. ಅದರಲ್ಲಿರುವ ಅರೆಕೊಲಿನ್ ಎಂಬ ವಸ್ತು ಹೋಗಿ ತಟ್ಟುವುದು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ನರ ರಾಸಾಯನಿಕದ ಗ್ರಾಹಕಗಳನ್ನು. ಮೊದಲ ಬಾರಿ ಜಗಿದವರಿಗೆ ಬೆವರು, ಜೊಲ್ಲು, ಮೈ ಬಿಸಿ, ತಲೆ ಗಿರ್ರೆನ್ನುವುದು ಅದರಿಂದ. ಸುಣ್ಣ ಸೇರಿದಾಗ ಅರೆಕೊಲಿನ್‌ನ ಒಂದು ಪಾಲು ಅರೆಕೈಡಿನ್ ಆಗುತ್ತದೆ. ಪ್ರಯೋಗಶಾಲೆಯಲ್ಲಿ ನೋಡಿದಂತೆ ಅದು ಗಾಬಾ ಎಂಬ ಶಾಂತಗೊಳಿಸುವ ರಾಸಾಯನಿಕದ ಪಂಪಿಗೆ ಕಟ್ಟ ಹಾಕುತ್ತದೆ. ಹೊಗೆಸೊಪ್ಪು ಸೇರಿಸಿದರೆ ಕತೆ ಬದಲಾಗುತ್ತದೆ. ನಿಕೊಟಿನ್ ನೇರವಾಗಿ ಡೋಪಮಿನ್ ಕೋಶಗಳನ್ನು ತಟ್ಟಿ ಎಬ್ಬಿಸುತ್ತದೆ, ಗಟ್ಟಿ ಚಟ ಹಿಡಿಸುತ್ತದೆ.

ಬೆಳೆಯ ಮೇಲಿನ ಪ್ರೀತಿಯಿಂದ ಒಂದು ವಿಷಯ ಮುಚ್ಚಿಡಲು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ನಿತ್ಯ ಜಗಿಯುವವರು ತಿಂಗಳಿಗೊಮ್ಮೆ ತಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹೋಗುತ್ತದೆಯೇ ನೋಡಿಕೊಳ್ಳಿ. ಹೋಗದಿದ್ದರೆ, ಖಾರ ಉರಿದರೆ, ಕೆನ್ನೆಯೊಳಗೆ ಬಿಳಿ ಪಟ್ಟಿ ಕಂಡರೆ ಹಲ್ಲಿನ ಡಾಕ್ಟರಲ್ಲಿಗೆ ಹೋಗಿ. ಉಬ್ಬಸ ಇರುವವರಿಗೆ ಅರೆಕೊಲಿನ್ ಶ್ವಾಸನಾಳ ಬಿಗಿಸಬಹುದು. ಮಾನಸಿಕ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರ ಚೀಟಿಯಲ್ಲಿ ಕೈನಡುಕ, ಮೈಬಿಗಿತ ಇಳಿಸುವ ಟ್ರೈಹೆಕ್ಸಿಫೆನಿಡಿಲ್ ಇದ್ದರೆ, ಅಡಿಕೆ ಅದಕ್ಕೆ ನೇರ ವಿರುದ್ಧ ಕೆಲಸ ಮಾಡುತ್ತದೆ. ಆ ನಡುಕ, ಬಿಗಿತ ಹೆಚ್ಚಬಹುದು.

ಪ್ರಶ್ನೆ: ನೀಟ್ ತಯಾರಿಯಲ್ಲಿದ್ದೇನೆ. ಗೆಳೆಯನೊಬ್ಬ “ಫೋಕಸ್ ಮಾತ್ರೆ” ಕೊಡುತ್ತೇನೆ ಎನ್ನುತ್ತಾನೆ. ನಾನು ಈಗ ದಿನಕ್ಕೆ ಆರು ಲೋಟ ಸುಲೈಮಾನಿಯಲ್ಲೇ (ಹಾಲು ಹಾಕದ ಚಾ) ಓದುತ್ತಿದ್ದೇನೆ. (ವಿದ್ಯಾರ್ಥಿನಿ, ಪೆರ್ಲ)

ಮಾತ್ರೆ ಬೇಡ. ಮೊದಲ ಉತ್ತರದಲ್ಲಿ ಹೇಳಿದ ಹಣೆಯ ಹಿಂದಿನ ಭಾಗ ಡೋಪಮಿನ್ ಕಡಿಮೆಯಾದರೂ ಕೆಡುತ್ತದೆ, ಜಾಸ್ತಿಯಾದರೂ ಕೆಡುತ್ತದೆ. ನಡುವಿನ ಮಟ್ಟದಲ್ಲಿ ಇರುವವರನ್ನು ಮದ್ದು ಆಚೆ ಬದಿಗೆ ತಳ್ಳುತ್ತದೆ. ಚೆನ್ನಾಗಿ ಓದಿದೆ ಎಂಬ ಧೈರ್ಯ ಹೆಚ್ಚುತ್ತದೆ, ಅದಕ್ಕೆ ತಕ್ಕ ಹಾಗೆ ಅಂಕ ಹೆಚ್ಚುವುದಿಲ್ಲ. ಓದಿದ್ದು ನೆನಪಿನಲ್ಲಿ ನೆಲೆಯೂರುವುದು ನಿದ್ದೆಯಲ್ಲಿ, ಮಾತ್ರೆ ಕೊಲ್ಲುವುದು ಆ ನಿದ್ದೆಯನ್ನೇ.

ಸುಲೈಮಾನಿಯ ಕೆಫೀನ್ ಬಲ ಕೊಡುವುದಿಲ್ಲ. ದಣಿವನ್ನು ತಿಳಿಸುವ ಅಡೆನೋಸಿನ್‌ನ ಬಾಗಿಲು ಮುಚ್ಚುತ್ತದೆ. ದಣಿವು ಒಳಗೆ ಹಾಗೇ ಕೂತಿರುತ್ತದೆ. ಒಂದು ಲೋಟ ಚಾದಲ್ಲಿ 30ರಿಂದ 50 ಮಿಲಿಗ್ರಾಂ, ಫಿಲ್ಟರ್ ಕಾಫಿಯಲ್ಲಿ 80ರಿಂದ 100. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಮಿತಿ. ನಿಮ್ಮ ಆರು ಲೋಟ ಆ ಮಿತಿಯೊಳಗೇ ಇದೆ, ತೊಂದರೆ ಇರುವುದು ಹೊತ್ತಿನಲ್ಲಿ. ಅರ್ಧಾಯು ಐದು ಗಂಟೆ. ಸಂಜೆ 5ಕ್ಕೆ ದೇಹದಲ್ಲಿದ್ದ 100 ಮಿಲಿಗ್ರಾಂ ರಾತ್ರಿ 10ಕ್ಕೆ 50, ಬೆಳಗಿನ ಜಾವ 3ಕ್ಕೆ 25. ಕೊನೆಯ ಲೋಟ ಮಧ್ಯಾಹ್ನ 2ಕ್ಕೆ ಮುಗಿಸಿ.

ಪ್ರಶ್ನೆ: ಬಿಪಿ ಇದೆ. ಶೀತದ ಮಾತ್ರೆ ತಿಂದಾಗಲೆಲ್ಲ ಎದೆ ಡಬಡಬ ಎನ್ನುತ್ತದೆ. (ಓದುಗರು, ಮಂಜೇಶ್ವರ)

ಮೂಗು ಬಿಡಿಸುವ ಫಿನೈಲೆಫ್ರಿನ್, ಸ್ಯೂಡೋಎಫಿಡ್ರಿನ್ ಎರಡೂ ನಾರ್‌ಅಡ್ರಿನಲಿನ್ನಿನ ದಾರಿಯಲ್ಲೇ ಕೆಲಸ ಮಾಡುತ್ತವೆ, ಮೂಗಿನ ಜತೆ ಬೇರೆ ರಕ್ತನಾಳಗಳನ್ನೂ ಬಿಗಿಸುತ್ತವೆ. ಮಾತ್ರೆಯ ಪಟ್ಟಿಯ ಹಿಂದೆ ಈ ಹೆಸರಿದ್ದರೆ ಬೇಡ ಎನ್ನಿ. ಉಪ್ಪುನೀರಿನ ಮೂಗಿನ ಹನಿ, ಹಬೆ ಸಾಕು.

ಪ್ರಶ್ನೆ: ಮಗ ಇಪ್ಪತ್ತೆರಡರವನು. ಮೆತಾಂಫೆಟಮಿನ್ ಬಿಟ್ಟು ಮೂರು ವಾರವಾಯಿತು. ಮೊದಲ ವಾರವೆಲ್ಲ ಮಲಗಿಯೇ ಇದ್ದ. ಈಗ ಏನೂ ಬೇಡ ಎನ್ನುತ್ತಾನೆ, ಯಕ್ಷಗಾನದ ಹುಚ್ಚಿದ್ದವನು ಚೆಂಡೆ ಸದ್ದಿಗೂ ಏಳುವುದಿಲ್ಲ. ಮೆದುಳು ಸರಿಯಾಗುತ್ತದೆಯೇ? ಪೊಲೀಸರ ಹೆದರಿಕೆಯಿಂದ ಆಸ್ಪತ್ರೆಗೆ ಹೋಗಿಲ್ಲ. (ತಂದೆ, ಹೊಸಂಗಡಿ)

ಅವನು ಸೋಮಾರಿಯಾಗಿಲ್ಲ. ಡೋಪಮಿನ್ ಸಂಗ್ರಹ ಬರಿದಾಗಿದೆ. ಅಬ್ಬರವನ್ನು ತಡೆದುಕೊಳ್ಳಲು ಮೆದುಳು ಗ್ರಾಹಕಗಳನ್ನೂ ಕಡಿಮೆ ಮಾಡಿಕೊಂಡಿದೆ. ಚೆಂಡೆ ಸದ್ದಿಗೆ ಮೊದಲು ಸಿಗುತ್ತಿದ್ದ ಪುಟ್ಟ ಡೋಪಮಿನ್ ಅಲೆ ಈಗ ದಡ ಮುಟ್ಟುವುದಿಲ್ಲ. ಮೊದಲ ವಾರದ ನಿದ್ದೆ, ಹಸಿವು ಸಹಜ. ಆಮೇಲಿನ ಈ ಬರಡುತನ ವಾರಗಳು, ಕೆಲವರಿಗೆ ತಿಂಗಳುಗಳು ಇರುತ್ತದೆ. ಬಿಟ್ಟು ಒಂದು ವರ್ಷ ದಾಟಿದವರ ಮೆದುಳಿನ ಸ್ಕ್ಯಾನ್‌ಗಳಲ್ಲಿ ಡೋಪಮಿನ್ ಪಂಪುಗಳು ಬಹುಮಟ್ಟಿಗೆ ಮರಳಿ ಬಂದದ್ದು ಕಂಡಿದೆ. ನೆನಪು, ಕೈಚಳಕ ಅಷ್ಟೇ ವೇಗದಲ್ಲಿ ಮರಳುವುದಿಲ್ಲ. ಸರಿಯಾಗುತ್ತದೆ, ಆದರೆ ತಿಂಗಳ ಲೆಕ್ಕದಲ್ಲಿ.

ಹೆರಾಯಿನ್‌ಗೆ ಇರುವಂತೆ ಇದಕ್ಕೆ ಬದಲಿ ಮದ್ದು ಇಲ್ಲ. ಕೆಲಸ ಮಾಡುವುದು ಕೌನ್ಸೆಲಿಂಗ್, ಮತ್ತು ಮೂತ್ರ ಪರೀಕ್ಷೆ ಶುದ್ಧವಾಗಿ ಬಂದಾಗಲೆಲ್ಲ ಮೊದಲೇ ಮಾತಾಡಿಕೊಂಡ ಸಣ್ಣ ಬಹುಮಾನ ಕೊಡುವ ಕ್ರಮ. ಬಹುಮಾನ ಅದೇ ದಿನ ಕೊಡಿ, ತಿಂಗಳ ಕೊನೆಗೆ ಎಂದು ಇಟ್ಟರೆ ಫಲವಿಲ್ಲ. ಮನೆಯಲ್ಲಿ ಮೂತ್ರದ ಸ್ಟ್ರಿಪ್ ಬಳಸುವುದಾದರೆ ಎರಡು ವಿಷಯ ತಿಳಿದಿರಿ. ಅದು ಹಿಡಿಯುವುದು ಹಿಂದಿನ ಎರಡರಿಂದ ನಾಲ್ಕು ದಿನದ ಬಳಕೆಯನ್ನು ಮಾತ್ರ. ಸ್ಯೂಡೋಎಫಿಡ್ರಿನ್ ಇರುವ ಶೀತದ ಮಾತ್ರೆ ತಿಂದರೂ ಗೆರೆ ತಪ್ಪಾಗಿ ಮೂಡಬಹುದು. ಸ್ಟ್ರಿಪ್ ಹಿಡಿದು ಮಗನನ್ನು ಹೊಡೆಯಬೇಡಿ, ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಿ.

ಈ ದಿನಗಳಲ್ಲಿ ಆತ್ಮಹತ್ಯೆಯ ಯೋಚನೆ ಬರುವ ಸಂಭವ ಹೆಚ್ಚು. “ಸಾಯಬೇಕು ಅನ್ನಿಸುತ್ತದಾ ಮಗಾ?” ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ತೋಟದ ವಿಷ, ಹಗ್ಗ ಕೈಗೆ ಸಿಗದಂತೆ ಬೀಗ ಹಾಕಿ. ಯಾರೋ ಹಿಂಬಾಲಿಸುತ್ತಿದ್ದಾರೆ, ಮೈಮೇಲೆ ಹುಳ ಹರಿಯುತ್ತಿದೆ ಎಂಬಂಥ ಮಾತು ಮೆತಾಂಫೆಟಮಿನ್ ಬಿಟ್ಟು ಒಂದು ತಿಂಗಳಾದರೂ ನಿಲ್ಲದಿದ್ದರೆ ಬೇರೆ ಕಾಯಿಲೆ ಇದೆಯೇ ಎಂದು ಮನೋವೈದ್ಯರು ನೋಡಬೇಕು.

ಪೊಲೀಸರ ವಿಷಯ: ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಇಂಥವರಿಗಾಗಿಯೇ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಆ ಆರೋಪಕ್ಕೆ ವಿಚಾರಣೆ ಇಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆ ಹೋಗಬಹುದು. ನಿಮ್ಮ ಮಗನ ಮೇಲೆ ಕೇಸೇ ಇಲ್ಲವಲ್ಲ, ಹೋಗಿ. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಸಹಾಯವಾಣಿ 14405, ರಾಷ್ಟ್ರೀಯ ಮಾದಕವ್ಯಸನ ಸಹಾಯವಾಣಿ 14446, ಮನಸ್ಸಿನ ಸಂಕಟಕ್ಕೆ ಟೆಲಿಮಾನಸ್ 14416. ಮಲಯಾಳ ಕಷ್ಟವಾದರೆ ಕರೆ ಹಿಡಿದವರಿಗೆ ಕನ್ನಡದಲ್ಲಿ ಮಾತಾಡುವವರು ಬೇಕು ಎಂದು ಮೊದಲೇ ಹೇಳಿ. ಆಸ್ಪತ್ರೆಗೆ ಹೋಗುವಾಗ ಅವನು ಎಷ್ಟು ಕಾಲದಿಂದ, ಯಾವ ರೀತಿಯಲ್ಲಿ, ಕೊನೆಗೆ ಯಾವ ದಿನ ತೆಗೆದುಕೊಂಡ ಎಂಬುದನ್ನು ಒಂದು ಚೀಟಿಯಲ್ಲಿ ಅವನಿಂದಲೇ ಬರೆಸಿಕೊಂಡು ಹೋಗಿ.